ಮಾಸಪತ್ರಿಕೆ ನಿಲ್ಲಿಸೋದಾ, ಮೊಬೈಲಿಗೆ ಒಯ್ಯೋದಾ, ಮಾರೋದಾ?

ಓದುಗರ ಪ್ರಶ್ನೆ: ನಾನು ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಮಲೆನಾಡಿನ ಒಂದು ತಾಲ್ಲೂಕು ಊರಿನಿಂದ 1998ರಿಂದ ಕನ್ನಡ ಮಾಸಪತ್ರಿಕೆ ತರುತ್ತಿದ್ದೇನೆ. ಕಥೆ, ಕವಿತೆ, ಊರಿನ ಇತಿಹಾಸ, ಸ್ವಲ್ಪ ಕೃಷಿ, ಒಟ್ಟು 48 ಪುಟ. ನೋಂದಣಿ ಇದೆ, ಅಂಚೆ ರಿಯಾಯಿತಿ ಇದೆ. ತಿಂಗಳಿಗೆ 800 ಪ್ರತಿ ಅಚ್ಚಾಗುತ್ತದೆ. ಅದರಲ್ಲಿ 460 ಆಜೀವ ಚಂದಾದಾರರಿಗೆ, 190 ವಾರ್ಷಿಕ ಚಂದಾದಾರರಿಗೆ, ಉಳಿದ 150 ಗೌರವ ಪ್ರತಿ. ವಾರ್ಷಿಕ ಚಂದಾ 200 ರೂಪಾಯಿ. ಎಲ್ಲ ಸೇರಿ ಒಂದು ಪ್ರತಿಗೆ 22 ರೂಪಾಯಿ ಬೀಳುತ್ತದೆ. ಜಾಹೀರಾತಿನಿಂದ ವರ್ಷಕ್ಕೆ ಹೆಚ್ಚೆಂದರೆ 70 ಸಾವಿರ ಬರುತ್ತದೆ. ಉಳಿದದ್ದು ನನ್ನ ಪೆನ್ಷನ್. ಮಗ ಹೇಳುತ್ತಾನೆ, ಅಚ್ಚು ನಿಲ್ಲಿಸಿ, ಪಿಡಿಎಫ್ ಮಾಡಿ ವಾಟ್ಸಾಪಿಗೆ ಹಾಕಿ ಅಂತ. ಗೆಳೆಯರೊಬ್ಬರು ದ್ವೈಮಾಸಿಕ ಮಾಡಿ ಅನ್ನುತ್ತಾರೆ. ಇತ್ತೀಚೆಗೆ ಜಿಲ್ಲಾ ಕೇಂದ್ರದಿಂದ ಒಬ್ಬರು ಬಂದು, "ಸಂಪಾದಕರಾಗಿ ನಿಮ್ಮ ಹೆಸರೇ ಇರಲಿ, ಪತ್ರಿಕೆ ನಾವು ನಡೆಸುತ್ತೇವೆ, ಎರಡು ಲಕ್ಷ ಕೊಡುತ್ತೇವೆ" ಎಂದರು. ಸರ್ಕಾರಿ ಜಾಹೀರಾತಿಗೆ ಪ್ರಯತ್ನಿಸಿದರೆ ಉಳಿಯಬಹುದು ಎಂದೂ ಕೆಲವರು ಹೇಳುತ್ತಾರೆ. ಹಳೆಯ ಸಂಚಿಕೆಗಳನ್ನೆಲ್ಲ ಇಂಟರ್ನೆಟ್‌ಗೆ ಹಾಕಬೇಕೆಂಬ ಆಸೆಯೂ ಇದೆ. ಕನ್ನಡ ಓದುವವರೇ ಇಲ್ಲದಾಗ ಇದೆಲ್ಲ ಬೇಕಾ ಅನ್ನಿಸುತ್ತದೆ. ಏನು ಮಾಡಲಿ?

ಉತ್ತರ:

ಮೇಷ್ಟ್ರೇ, ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಹಲವು, ಆತಂಕ ಒಂದೇ. ಯಾರೂ ಓದದ ಪತ್ರಿಕೆಗೆ ಸುಮ್ನೆ ಪೆನ್ಷನ್ ಸುರಿಯುತ್ತಿದ್ದೀನಾ ಅನ್ನುವುದು. ನಾನು ಬಹಳ ವರ್ಷ ದಿನಪತ್ರಿಕೆಯ ಪ್ರಸರಣ ವಿಭಾಗದಲ್ಲಿದ್ದವನು. ಈಗ ನಿಮ್ಮಂಥ ಸಣ್ಣ ಪತ್ರಿಕೆಗಳ ಲೆಕ್ಕ ನೋಡಿಕೊಡುತ್ತೇನೆ. ಇಂಥ ಪತ್ರ ಬಂದಾಗ ನಾನು ಮೊದಲು ಓದುವುದು ಚಂದಾ ಪುಸ್ತಕ. ಸಂಪಾದಕೀಯ ಆಮೇಲೆ. ನಿಮ್ಮ ಚಂದಾ ಪುಸ್ತಕ ಹೇಳುವುದು ಇಷ್ಟು: ಅಚ್ಚಾಗುವ 800 ಪ್ರತಿಗಳಲ್ಲಿ ಈ ವರ್ಷ ದುಡ್ಡು ಕೊಟ್ಟು ತರಿಸಿದ್ದು 190 ಮಾತ್ರ. ಮಿಕ್ಕ 610 ಪ್ರತಿಗಳನ್ನು ನೀವೇ ಖರ್ಚು ಹಾಕಿ ಹಂಚುತ್ತಿದ್ದೀರಿ. ಅವುಗಳಲ್ಲಿ ಎಷ್ಟು ಕವರ್ ಬಿಚ್ಚಿಸಿಕೊಳ್ಳುತ್ತವೆ ಅಂತ ನಿಮಗೂ ಗೊತ್ತಿಲ್ಲ, ಅಲ್ವಾ?

ಮೊದಲು ಓದುಗರ ಮಾತು. "ಕನ್ನಡ ಓದುವವರು ಇಲ್ಲ" ಅನ್ನುವುದನ್ನು ನಾನು ಒಪ್ಪುವುದಿಲ್ಲ. ದೊಡ್ಡ ಪತ್ರಿಕೆಗಳ ಕಷ್ಟ ನೋಡಿ ಸಣ್ಣವರು ಹೆದರುತ್ತಾರೆ. ಆದರೆ ಎರಡರ ವ್ಯವಹಾರವೇ ಬೇರೆ. ದಿನಪತ್ರಿಕೆ ತನ್ನ ತಯಾರಿ ಖರ್ಚಿಗಿಂತ ಕಡಿಮೆ ಬೆಲೆಗೆ ಮಾರಾಟವಾಗುತ್ತದೆ. ಆ ಬೆಲೆಯಲ್ಲೂ ಏಜೆಂಟರ ಕಮಿಷನ್ ಹೋಗಬೇಕು. ವ್ಯತ್ಯಾಸ ತುಂಬುವುದು ಜಾಹೀರಾತು. 1999ರಲ್ಲಿ ವಿಜಯ ಕರ್ನಾಟಕ ಬಂದ ಮೇಲೆ ಕನ್ನಡದಲ್ಲಿ ನಡೆದ ಬೆಲೆ ಸಮರ ನಿಮಗೆ ನೆನಪಿರಬೇಕು. ಪೇಪರು ಅಗ್ಗವಾಗಿರಬೇಕು ಅನ್ನುವ ಅಭ್ಯಾಸ ಓದುಗರಿಗೆ ಆಗ ಗಟ್ಟಿಯಾಯಿತು. ಜಾಹೀರಾತು ಮೊಬೈಲಿನ ಕಡೆ ಹೊರಟಾಗ ದಿನಪತ್ರಿಕೆಗಳಿಗೆ ಉಸಿರು ಕಟ್ಟಿದ್ದು ಈ ಅಭ್ಯಾಸದಿಂದ. ಅದರ ಮೇಲೆ 2019ರ ಬಜೆಟ್ಟಿನಲ್ಲಿ ಆಮದು ನ್ಯೂಸ್‌ಪ್ರಿಂಟ್, ಅಂದರೆ ದಿನಪತ್ರಿಕೆಯ ಕಾಗದದ ಮೇಲೆ ಶೇ 10 ಸುಂಕ ಬಿತ್ತು. ಮರುವರ್ಷ ಅದು ಶೇ 5ಕ್ಕೆ ಇಳಿಯುವ ಹೊತ್ತಿಗೆ ಕೊರೋನಾ ಬಂತು. ಪೇಪರು ಮುಟ್ಟಿದರೆ ಸೋಂಕು ಅನ್ನುವ ಸುದ್ದಿ ಹಬ್ಬಿ, ಅಪಾರ್ಟ್‌ಮೆಂಟುಗಳಲ್ಲಿ ಪೇಪರ್ ಹುಡುಗರನ್ನು ಗೇಟಿನ ಒಳಗೇ ಬಿಡಲಿಲ್ಲ. ಆಗ ನಿಲ್ಲಿಸಿದ ಮನೆಗಳಲ್ಲಿ ಎಷ್ಟೋ ಮನೆ ಮತ್ತೆ ಶುರು ಮಾಡಲಿಲ್ಲ. 2022ರಲ್ಲಿ ಉಕ್ರೇನ್ ಯುದ್ಧದಿಂದ ರಷ್ಯಾದ ಕಾಗದ ತಡವಾಗಿ ಬೆಲೆ ಇನ್ನಷ್ಟು ಏರಿತು.

ಇದರಲ್ಲಿ ನಿಮಗೆ ನೇರವಾಗಿ ತಟ್ಟಿದ್ದು ಕಾಗದದ ಬೆಲೆ ಮಾತ್ರ. ಅದೂ ನ್ಯೂಸ್‌ಪ್ರಿಂಟ್ ಅಲ್ಲ, ನೀವು ಬಳಸುವುದು ಮ್ಯಾಪ್‌ಲಿಥೋ, ಪುಸ್ತಕಗಳಿಗೆ ಹಾಕುವ ಬಿಳಿ ಕಾಗದ.

ತಾಲ್ಲೂಕಿನ ಪತ್ರಿಕೆಗಳ ಕಾಲಡಿಯ ನೆಲ ಅದಕ್ಕೂ ಮೊದಲೇ ಕುಸಿಯಲು ಶುರುವಾಗಿತ್ತು. 1974ರಲ್ಲಿ ವಿಶಾಖಪಟ್ಟಣದಲ್ಲಿ ಶುರುವಾದ ತೆಲುಗು ದಿನಪತ್ರಿಕೆ ಈನಾಡು, 1989ರ ಹೊತ್ತಿಗೆ ಜಿಲ್ಲೆಗೊಂದು ಟ್ಯಾಬ್ಲಾಯ್ಡ್ ಪುರವಣಿ ಕೊಡಲು ಆರಂಭಿಸಿತು. ಹಳ್ಳಿಯ ಜಾತ್ರೆ, ಬೋರ್‌ವೆಲ್ ಕೆಟ್ಟದ್ದು, ಪಂಚಾಯಿತಿ ಜಗಳ ಎಲ್ಲ ದೊಡ್ಡ ಪತ್ರಿಕೆಯಲ್ಲೇ ಬರತೊಡಗಿತು. ದಕ್ಷಿಣದ ಬೇರೆ ಪತ್ರಿಕೆಗಳೂ ಅದೇ ದಾರಿ ಹಿಡಿದವು. ನಮ್ಮಲ್ಲೂ ಜಿಲ್ಲಾ ಪುಟಗಳು, ಜಿಲ್ಲಾ ಆವೃತ್ತಿಗಳು ಬಂದವು. ಊರಿನ ಸುದ್ದಿಯನ್ನೇ ನಂಬಿಕೊಂಡಿದ್ದ ವಾರಪತ್ರಿಕೆಗಳ ಬಂಡವಾಳ ಅಲ್ಲಿಗೆ ಹೋಯಿತು. ಉಳಿದದ್ದನ್ನು ವಾಟ್ಸಾಪ್ ಗುಂಪುಗಳು ತೆಗೆದುಕೊಂಡವು. ಬಸ್ ಅಪಘಾತದ ಸುದ್ದಿ ತಿಳಿಯಲು ಇವತ್ತು ಯಾರೂ ಗುರುವಾರದವರೆಗೆ ಕಾಯುವುದಿಲ್ಲ. ನಿಮ್ಮದು ಸುದ್ದಿಪತ್ರಿಕೆ ಆಗಿದ್ದರೆ, ಮುಚ್ಚಿಬಿಡಿ ಎಂದು ನಾನು ಎರಡನೇ ಮಾತಿಲ್ಲದೆ ಹೇಳುತ್ತಿದ್ದೆ. ಊರಿನ ಇತಿಹಾಸ, ಕೃಷಿಕರ ಅನುಭವ, ಕಥೆ ಇವುಗಳಿಗೆ ಆ ಪೈಪೋಟಿ ಇಲ್ಲ.

ಪುತ್ತೂರಿನ ಅಡಿಕೆ ಪತ್ರಿಕೆ ನಿಮಗೆ ಗೊತ್ತೇ ಇರುತ್ತದೆ. 1988ರಿಂದ ಬರುತ್ತಿದೆ. ಕೃಷಿಕರ ಕೈಗೆ ಲೇಖನಿ ಅನ್ನುವುದು ಅವರ ಘೋಷಣೆ. ಬರೆಯುವವರೂ ಓದುವವರೂ ಬೆಳೆಗಾರರೇ. ಅಡಿಕೆ ಕೊನೆ ಕೊಯ್ಯುವ ಯಂತ್ರದ ಬಗ್ಗೆಯೋ ಇಂಗುಗುಂಡಿಯ ಬಗ್ಗೆಯೋ ಒಂದು ಲೇಖನ ಬಂದರೆ ಅದರ ಜೊತೆ ಆ ರೈತನ ಫೋನ್ ನಂಬರ್ ಇರುತ್ತದೆ, ಓದಿದವರು ಫೋನ್ ಮಾಡುತ್ತಾರೆ. ಇನ್ನೊಂದು ತುದಿಯಲ್ಲಿ ಲಂಕೇಶ್ ಪತ್ರಿಕೆಯನ್ನು ನೋಡಿ. 1980ರಲ್ಲಿ ಶುರುವಾದ ಅದು ಜಾಹೀರಾತೇ ಇಲ್ಲದೆ, ಓದುಗರು ಕೊಟ್ಟ ಕಾಸಿನಿಂದ ನಡೆಯಿತು. ಇವೆರಡರ ಸ್ವಭಾವಕ್ಕೂ ಆಕಾಶ ಭೂಮಿಯ ಅಂತರ. ಎರಡೂ ನೆಚ್ಚಿಕೊಂಡದ್ದು ತಮ್ಮ ಓದುಗರನ್ನೇ. ಇತ್ತ ಮೊಬೈಲ್ ಇಲ್ಲದ ಕಾಲದಲ್ಲೂ ಪತ್ರಿಕೆಗಳು ಸತ್ತಿವೆ. 1843ರ ಜುಲೈ 1ರಂದು ಹುಟ್ಟಿದ ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರವೇ ಮಂಗಳೂರಿನಲ್ಲಿ ಒಂದು ವರ್ಷ ತುಂಬಿಸಲಿಲ್ಲ. ಅದರ ಸಂಪಾದಕ ಮೋಗ್ಲಿಂಗ್ ಅದನ್ನು ಬಳ್ಳಾರಿಯಲ್ಲಿ ಅಚ್ಚು ಹಾಕಿಸಲು ಹೊರಟಾಗ ಹೆಸರೂ ಕನ್ನಡ ಸಮಾಚಾರ ಎಂದು ಬದಲಾಯಿತು.

ಈಗ ನಿಮ್ಮ ಲೆಕ್ಕಕ್ಕೆ ಬರೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಪ್ರತಿಗೆ 22 ರೂಪಾಯಿಯಂತೆ ವರ್ಷಕ್ಕೆ ಒಬ್ಬ ಓದುಗನಿಗೆ 264 ರೂಪಾಯಿ ಖರ್ಚಾಗುತ್ತದೆ. ನೀವು ತೆಗೆದುಕೊಳ್ಳುವುದು 200. ಅಂದರೆ ದುಡ್ಡು ಕೊಡುವ ಚಂದಾದಾರರೂ ತಮ್ಮ ಪಾಲಿನ ಪೂರ್ತಿ ಖರ್ಚು ಕೊಡುತ್ತಿಲ್ಲ. ವರ್ಷದ ಒಟ್ಟು ಖರ್ಚು 2,11,200. ಚಂದಾ 38,000, ಜಾಹೀರಾತು 70,000, ಒಟ್ಟು ಆದಾಯ 1,08,000. ಕೈಯಿಂದ ಹೋಗುವುದು 1,03,200 ರೂಪಾಯಿ.

ಆಜೀವ ಚಂದಾದಾರರಿಗೆ ಪತ್ರಿಕೆ ಕಳಿಸಲು ನೀವು ವರ್ಷಕ್ಕೆ ಎಷ್ಟು ಖರ್ಚು ಮಾಡುತ್ತಿದ್ದೀರಿ ಗೊತ್ತಾ? 1,21,440 ರೂಪಾಯಿ. ನಿಮ್ಮ ಇಡೀ ನಷ್ಟಕ್ಕಿಂತ ಅದೊಂದೇ ದೊಡ್ಡದು.

ಈ ಆಜೀವ ಚಂದಾ ಕನ್ನಡದ ಸಣ್ಣ ಪತ್ರಿಕೆಗಳ ಮನೆಮನೆಯ ಕಾಯಿಲೆ. ಶುರು ಮಾಡುವಾಗ ಪ್ರೆಸ್ಸಿಗೆ ಅಡ್ವಾನ್ಸ್ ಕೊಡಬೇಕು, ಕೈಯಲ್ಲಿ ಕಾಸಿಲ್ಲ. ಪರಿಚಯದವರ ಮನೆಗೆ ಹೋಗಿ ರಸೀದಿ ಪುಸ್ತಕ ಬಿಚ್ಚುತ್ತೇವೆ. ಐನೂರು ಕೊಟ್ಟರೆ ಬದುಕಿರುವ ತನಕ ಪತ್ರಿಕೆ. ಆ ಐನೂರನ್ನು ಠೇವಣಿ ಇಟ್ಟು ಬಡ್ಡಿಯಲ್ಲಿ ಪತ್ರಿಕೆ ಕಳಿಸಬೇಕು ಅನ್ನುವುದು ಲೆಕ್ಕಾಚಾರ. ಠೇವಣಿ ಇಟ್ಟ ಸಂಪಾದಕರನ್ನು ನಾನು ಬೆರಳೆಣಿಕೆಯಷ್ಟೇ ಕಂಡಿದ್ದೇನೆ. ಮೊದಲ ಮೂರು ಸಂಚಿಕೆಗೆ ಹಣ ಕರಗುತ್ತದೆ, ಜವಾಬ್ದಾರಿ ಉಳಿಯುತ್ತದೆ. ನೀವು ಬರೆದಿಲ್ಲ, ಆದರೆ 1998ರಲ್ಲಿ ನಿಮ್ಮದೂ ಐನೂರರ ಆಸುಪಾಸಿನಲ್ಲೇ ಇದ್ದಿರಬೇಕು. ಇವತ್ತಿನ ಖರ್ಚಿನಲ್ಲಿ ಅದು ಎರಡು ವರ್ಷಕ್ಕೂ ಸಾಲದು.

ಅಂಚೆಯಿಂದ ಹಿಂದಿರುಗಿ ಬಂದ ಪ್ರತಿಗಳನ್ನು ಒಂದು ಕಡೆ ಕಟ್ಟಿಟ್ಟಿದ್ದೀರಾ? ಬಿಚ್ಚಿ ನೋಡಿ. ವಿಳಾಸದ ಪಕ್ಕ ಪೋಸ್ಟ್‌ಮ್ಯಾನ್ ಬಾಲ್‌ಪೆನ್ನಿನಲ್ಲಿ ಬರೆದಿರುತ್ತಾರೆ, ಒಂದರ ಮೇಲೆ "ಮನೆ ಬಿಟ್ಟಿದ್ದಾರೆ", ಇನ್ನೊಂದರ ಮೇಲೆ "ಮರಣ". ಹಿಂದಿರುಗಿದ್ದು ಹತ್ತಾದರೆ, ಹಿಂದಿರುಗದೆ ಎಲ್ಲೋ ಉಳಿದದ್ದು ಅದಕ್ಕಿಂತ ಹೆಚ್ಚು ಎಂದು ಪ್ರಸರಣದವರು ಲೆಕ್ಕ ಹಾಕುತ್ತಾರೆ. ತೀರಿಕೊಂಡವರ ಹೆಸರಿಗೆ ವರ್ಷಗಟ್ಟಲೆ ಪತ್ರಿಕೆ ಹೋಗುವುದು ಅಪರೂಪವೇನಲ್ಲ. ಮನೆಯವರಿಗೆ ಬೇಡ ಅನ್ನಲು ಸಂಕೋಚ, ಸಂಪಾದಕರಿಗೆ ಕೇಳಲು ಸಂಕೋಚ.

ಹಾಗಾಗಿ ಮೊದಲ ಕೆಲಸ ಪಟ್ಟಿ ಶುದ್ಧ ಮಾಡುವುದು. ಮುಂದಿನ ಸಂಚಿಕೆಯ ಜೊತೆ ಎಲ್ಲ ಆಜೀವ ಚಂದಾದಾರರಿಗೆ ಒಂದು ಪುಟ್ಟ ಚೀಟಿ ಇಡಿ. ಮೂರೇ ಪ್ರಶ್ನೆ ಸಾಕು. ಪತ್ರಿಕೆ ಸರಿಯಾಗಿ ಬರುತ್ತಿದೆಯಾ? ಅಚ್ಚಿನ ಪ್ರತಿಯೇ ಬೇಕಾ, ಫೋನಿಗೆ ಕಳಿಸಿದರೆ ಸಾಕಾ? ಈ ವರ್ಷ ಸ್ವಇಚ್ಛೆಯಿಂದ ಏನಾದರೂ ಕೊಡಲು ಸಾಧ್ಯವಾ? ಕೆಳಗೆ ನಿಮ್ಮ ಫೋನ್ ನಂಬರ್, ಯುಪಿಐ ಕ್ಯೂಆರ್. ಎರಡು ತಿಂಗಳು ಕಾಯಿರಿ. ಉತ್ತರ ಬಾರದವರಿಗೆ ಒಂದೊಂದು ಫೋನ್ ಮಾಡಿ. ನಿಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಒಬ್ಬರನ್ನು ಕೂರಿಸಿದರೆ ಸಂಜೆಗೆ ಇಪ್ಪತ್ತು ಕರೆ ಮಾಡಬಹುದು. ಆಮೇಲೂ ಸುಳಿವಿಲ್ಲದವರಿಗೆ "ಉತ್ತರ ಬಾರದ ಕಾರಣ ಪ್ರತಿ ತಡೆಹಿಡಿದಿದ್ದೇವೆ, ಕೇಳಿದರೆ ಮತ್ತೆ ಕಳಿಸುತ್ತೇವೆ" ಎಂದು ಪತ್ರಿಕೆಯಲ್ಲೇ ಅಚ್ಚು ಹಾಕಿ ನಿಲ್ಲಿಸಿ. ಪೂರ್ತಿ ರದ್ದು ಅನ್ನಬೇಡಿ. ಅವರು ದುಡ್ಡು ಕೊಟ್ಟವರು, ಕೇಳುವ ಹಕ್ಕು ಅವರಿಗಿದೆ. ಒಬ್ಬಿಬ್ಬರು ಸಿಟ್ಟಾಗಿ ಫೋನ್ ಮಾಡುತ್ತಾರೆ. ಬೈಸಿಕೊಳ್ಳಿ, ಪ್ರತಿ ಕಳಿಸಿ. ಬೈಯುವವರು ಓದುವವರೇ.

ಗೌರವ ಪ್ರತಿ 150 ಅಂದರೆ ಬಹಳವೇ ಆಯಿತು. ಬರೆದವರಿಗೆ, ಜಾಹೀರಾತು ಕೊಟ್ಟವರಿಗೆ, ವಿನಿಮಯದ ಪತ್ರಿಕೆಗಳಿಗೆ ಸೇರಿ 40 ಇಟ್ಟುಕೊಳ್ಳಿ. ನಿವೃತ್ತ ಅಧಿಕಾರಿಗಳಿಗೆ, ಮಾಜಿ ಶಾಸಕರಿಗೆ ಹೋಗುವುದು ನಿಲ್ಲಲಿ, ಅವರಿಗೆ ಗೊತ್ತೂ ಆಗುವುದಿಲ್ಲ.

ಆದರೆ ಪ್ರತಿ ಅರ್ಧ ಕಡಿಮೆ ಮಾಡಿದರೆ ಖರ್ಚೂ ಅರ್ಧ ಇಳಿಯುತ್ತದೆ ಎಂದುಕೊಳ್ಳಬೇಡಿ. ಡಿಟಿಪಿ, ಪ್ಲೇಟು, ಮೆಷಿನ್ ಹೊಂದಿಸುವ ಚಾರ್ಜು ಐನೂರಕ್ಕೂ ಅಷ್ಟೇ, ಸಾವಿರಕ್ಕೂ ಅಷ್ಟೇ. ನೀವು ಹೇಳಿದ ಒಟ್ಟು ಖರ್ಚಿನಲ್ಲಿ ಸಂಚಿಕೆಗೆ 7,200 ರೂಪಾಯಿ ಈ ಬಾಬತ್ತು ಎಂದು ಇಟ್ಟುಕೊಳ್ಳಿ. ಕಾಗದ, ಬೈಂಡಿಂಗ್, ಕವರ್, ಅಂಚೆ ಸೇರಿ ಪ್ರತಿಗೆ 13 ರೂಪಾಯಿ. ನಿಮ್ಮ ಪ್ರೆಸ್ಸಿನ ಬಿಲ್ ನೋಡಿ ಈ ಎರಡು ಅಂಕಿ ಸರಿಪಡಿಸಿಕೊಳ್ಳಿ, ಲೆಕ್ಕದ ದಾರಿ ಅದೇ. 500 ಪ್ರತಿ ಹಾಕಿಸಿದರೆ ಸಂಚಿಕೆಗೆ 13,700, ವರ್ಷಕ್ಕೆ 1,64,400. ಪ್ರತಿಯ ಖರ್ಚು 22ರಿಂದ 27 ರೂಪಾಯಿ ಚಿಲ್ಲರೆಗೆ ಏರುತ್ತದೆ, ಆದರೆ ವರ್ಷದ ಒಟ್ಟು ಖರ್ಚಿನಲ್ಲಿ 46,800 ಉಳಿತಾಯವಾಗುತ್ತದೆ. ಜೊತೆಗೆ ಚಂದಾವನ್ನು 350 ಮಾಡಿ. ಹೊಸ ಖರ್ಚಿಗೆ ಅದು ಸರಿಹೊಂದುತ್ತದೆ. 190ರಲ್ಲಿ ಮೂವತ್ತು ಜನ ಬಿಟ್ಟುಹೋದರೂ 160 ಜನರಿಂದ 56,000 ಬರುತ್ತದೆ. ಆಜೀವದವರಲ್ಲಿ ಅರವತ್ತು ಜನ ಮನಸ್ಸು ಮಾಡಿ 350 ಕೊಟ್ಟರೆ 21,000. ಜಾಹೀರಾತು ಹಾಗೇ 70,000 ಇದ್ದರೆ ಒಟ್ಟು 1,47,000. ಕೊರತೆ 17,400 ರೂಪಾಯಿ. ವರ್ಷಕ್ಕೆ ಒಂದು ಲಕ್ಷ ಕಳೆಯುವುದಕ್ಕೂ ಇದಕ್ಕೂ ವ್ಯತ್ಯಾಸ ಇದೆ. ಇದು ಆಸೆಯ ಅಂದಾಜು ಎಂದು ನಿಮಗೆ ಅನ್ನಿಸಬಹುದು. ಅರವತ್ತರ ಬದಲು ಇಪ್ಪತ್ತೇ ಜನ ಕೊಟ್ಟರೂ ಕೊರತೆ 31,400. ಅದೂ ಈಗಿನದರ ಮೂರನೇ ಒಂದು ಪಾಲಿಗಿಂತ ಕಡಿಮೆ.

ದರ ಏರಿಸಲು ಸಂಪಾದಕರು ಹೆದರುವಷ್ಟು ಓದುಗರು ಹೆದರುವುದಿಲ್ಲ. ಚಂದಾ ನಿಲ್ಲುವುದು ಹೆಚ್ಚಾಗಿ ಬೇರೆ ಕಾರಣಕ್ಕೆ. ಚಂದಾ ಮುಗಿದದ್ದೇ ಅವರಿಗೆ ಗೊತ್ತಿರುವುದಿಲ್ಲ. ಗೊತ್ತಾದರೂ ದುಡ್ಡು ಕಳಿಸುವುದು ಹೇಗೆ ಅಂತ ಪತ್ರಿಕೆಯಲ್ಲಿ ಎಲ್ಲೂ ಇರುವುದಿಲ್ಲ, ಇದ್ದರೂ ಮನಿ ಆರ್ಡರ್ ವಿಳಾಸ ಇರುತ್ತದೆ. ವಿಳಾಸದ ಚೀಟಿಯ ಮೇಲೆ ಹೆಸರಿನ ಪಕ್ಕ "ಚಂದಾ ಸಂಖ್ಯೆ 214, ಮುಕ್ತಾಯ: ನವೆಂಬರ್" ಎಂದು ಅಚ್ಚು ಹಾಕಿ. ಮುಗಿಯುವ ಒಂದು ತಿಂಗಳ ಮೊದಲು ಫೋನಿಗೆ ಒಂದು ಸಂದೇಶ ಹೋಗಲಿ. ನಾನು ನೋಡಿದ ಮಟ್ಟಿಗೆ ಇದಕ್ಕಿಂತ ಅಗ್ಗವಾಗಿ ಓದುಗರನ್ನು ಉಳಿಸಿಕೊಳ್ಳುವ ದಾರಿ ಇಲ್ಲ. ಪಿನ್‌ಕೋಡ್ ತಪ್ಪಿದ ವಿಳಾಸ ಎಷ್ಟಿವೆ ಅಂತಲೂ ಹಾಗೇ ನೋಡಿ.

ದ್ವೈಮಾಸಿಕ ಮಾಡಿದರೆ?

ಗೆಳೆಯರ ಸಲಹೆ ಕೇಳಲು ಚೆನ್ನಾಗಿದೆ, ಆದರೆ ಅದರಲ್ಲಿ ಒಂದು ಗುಂಡಿ ಇದೆ. ಅಂಚೆ ರಿಯಾಯಿತಿ ಸಿಗುವುದು ಎರಡು ಸಂಚಿಕೆಗಳ ನಡುವೆ 31 ದಿನಕ್ಕಿಂತ ಹೆಚ್ಚು ಅಂತರವಿಲ್ಲದ ಪತ್ರಿಕೆಗಳಿಗೆ. ನಿಜವಾದ ಚಂದಾದಾರರ ಪಟ್ಟಿ ಇರಬೇಕು ಅನ್ನುವುದೂ ಷರತ್ತು. ರಿಯಾಯಿತಿಯಲ್ಲಿ 100 ಗ್ರಾಂ ಒಳಗಿನ ಪ್ರತಿಗೆ ರೂಪಾಯಿಯೂ ಬೀಳುವುದಿಲ್ಲ. ಅದು ಹೋದರೆ ಪ್ರತಿಯೊಂದಕ್ಕೂ ಹಲವು ರೂಪಾಯಿಯ ಸ್ಟಾಂಪು. ಆರು ಸಂಚಿಕೆ ಉಳಿಸಿದ ಖುಷಿಯಲ್ಲಿ ಒಂದು ಪಾಲು ಅಂಚೆ ಕಚೇರಿಯ ಕೌಂಟರಿನಲ್ಲೇ ಕರಗುತ್ತದೆ. ಅವಧಿ ಬದಲಿಸಿದರೆ ನೋಂದಣಿಯನ್ನೂ ತಿದ್ದಿಸಬೇಕು.

ಮಾಸಿಕವಾಗಿಯೇ ಉಳಿದು 48 ಪುಟವನ್ನು 32ಕ್ಕೆ ಇಳಿಸುವುದು ಇದಕ್ಕಿಂತ ಜಾಣತನ. ಅಚ್ಚಿನಲ್ಲಿ ಹದಿನಾರು ಪುಟ ಸೇರಿ ಒಂದು ಫಾರಂ, ಆ ಲೆಕ್ಕದಲ್ಲಿ ಸರಿಯಾಗಿ ಒಂದು ಫಾರಂ ಕಡಿಮೆಯಾಗುತ್ತದೆ. ಬಂದ ಕವಿತೆಯನ್ನೆಲ್ಲ ಹಾಕುವ ದಾಕ್ಷಿಣ್ಯವೂ ಕಡಿಮೆಯಾಗಬಹುದು, ತಪ್ಪು ತಿಳಿಯಬೇಡಿ.

ಮಗನ ಮಾತು

ಮಗ ಹೇಳಿದ್ದರಲ್ಲಿ ಅರ್ಧ ಸರಿ. ದೂರದೂರಿನವರಿಗೆ, ಅಮೆರಿಕದಲ್ಲಿರುವ ನಿಮ್ಮೂರಿನ ಮಕ್ಕಳಿಗೆ ಡಿಜಿಟಲ್ ಪ್ರತಿ ಖಂಡಿತ ಬೇಕು. ಪೂರ್ತಿ ಅದಕ್ಕೇ ಹೋಗಬೇಕು ಅನ್ನುವುದಕ್ಕೆ ಮಾತ್ರ ನನ್ನ ಒಪ್ಪಿಗೆ ಇಲ್ಲ. ತಮಿಳಿನ ಕಲ್ಕಿ 1941ರಿಂದ ಬರುತ್ತಿದ್ದ ವಾರಪತ್ರಿಕೆ. 2020ರಲ್ಲಿ ಅಚ್ಚು ನಿಲ್ಲಿಸಿ ಡಿಜಿಟಲ್‌ಗೆ ಹೋಯಿತು. ಅದರ ಹಿಂದೆ ದೊಡ್ಡ ಹೆಸರಿತ್ತು, ದಶಕಗಳ ಕಥೆ ಕಾದಂಬರಿಗಳ ಭಂಡಾರ ಇತ್ತು. ನಿಮ್ಮ ಬೆನ್ನ ಹಿಂದೆ ಇರುವುದು 190 ಜನ.

ವಾಟ್ಸಾಪಿಗೆ ಒಮ್ಮೆ ಪಿಡಿಎಫ್ ಬಿಟ್ಟರೆ ಅದು ಉಚಿತ ಅಂತಲೇ ಲೆಕ್ಕ. ಬೆಳಗ್ಗೆ ಐದಕ್ಕೇ ಎಲ್ಲ ದಿನಪತ್ರಿಕೆಗಳ ಪಿಡಿಎಫ್ ಗುಂಪುಗಳಲ್ಲಿ ಬಿದ್ದಿರುವುದನ್ನು ನೀವೂ ನೋಡಿದ್ದೀರಿ. ಉಚಿತವಾಗಿ ಬಂದದ್ದಕ್ಕೆ ಆಮೇಲೆ ದುಡ್ಡು ಕೇಳಿದರೆ ಯಾರೂ ಕೊಡುವುದಿಲ್ಲ. ಜೊತೆಗೆ ನಿಮ್ಮ ಜಾಹೀರಾತುದಾರರು ಯಾರು? ಅಡಿಕೆ ಮಂಡಿ, ಸೊಸೈಟಿ, ಬಟ್ಟೆ ಅಂಗಡಿ, ಬಂಗಾರದ ಅಂಗಡಿ. ದೀಪಾವಳಿ ವಿಶೇಷಾಂಕದ ಪ್ರತಿ ಗಲ್ಲಾದ ಮೇಲೆ ಕಾಣಬೇಕು, ಬಂದವರಿಗೆ ತೋರಿಸಬೇಕು, ಅದಕ್ಕೆ ಕೊಡುತ್ತಾರೆ. ಫೋನಿನಲ್ಲಿ ಬಂದ ಜಾಹೀರಾತಿಗೆ ಅವರಲ್ಲಿ ಎಷ್ಟು ಜನ ಬಿಲ್ ಪಾವತಿ ಮಾಡುತ್ತಾರೆ, ಮಗನನ್ನೇ ಕಳಿಸಿ ಕೇಳಿಸಿ. ಕಾನೂನಿನ ಮಾತೂ ಇದೆ. ನಮ್ಮ ನೋಂದಣಿ ಕಾಯ್ದೆಗೆ ನಿಯತಕಾಲಿಕ ಅಂದರೆ ಅಚ್ಚಾಗಿ ಬರುವುದು. ನಿರಂತರವಾಗಿ ಪ್ರಕಟವಾಗದಿದ್ದರೆ ನೋಂದಣಿ ಅಮಾನತು ಮಾಡುವ ಅಧಿಕಾರ ನೋಂದಣಾಧಿಕಾರಿಗೆ ಇದೆ. ಪಿಡಿಎಫ್ ಕಳಿಸುತ್ತಿದ್ದೆ ಎಂದರೆ ಅಲ್ಲಿ ನಡೆಯುವುದಿಲ್ಲ.

ಮಗನಿಗೆ ಒಂದು ಒಳ್ಳೆಯ ಕೆಲಸ ಕೊಡಿ. ಅಚ್ಚಿನ ಎರಡು ಕಾಲಂ ಪುಟವನ್ನೇ ಫೋನಿಗೆ ಕಳಿಸಿದರೆ ಓದುವವರು ಹಿಗ್ಗಿಸಿ, ಜಾರಿಸಿ, ಬೇಸತ್ತು ಮುಚ್ಚಿಡುತ್ತಾರೆ. ಫೋನಿನ ಅಗಲಕ್ಕೆ ಒಂದೇ ಕಾಲಂ, ದೊಡ್ಡಕ್ಷರ, ಹೀಗೆ ಬೇರೆಯಾಗಿ ಪುಟ ಕಟ್ಟಲಿ. ದುಡ್ಡು ಕೊಟ್ಟವರಿಗೆ ಮಾತ್ರ ಒಬ್ಬೊಬ್ಬರಿಗೇ ಕಳಿಸಲಿ, ಅಚ್ಚಿನ ಪ್ರತಿ ಅಂಚೆಗೆ ಬಿದ್ದ ಎರಡು ವಾರದ ನಂತರ. ಸಂಚಿಕೆಗೆ ಒಂದು ಲೇಖನ ಮಾತ್ರ ಎಲ್ಲರಿಗೂ ಬಿಡಲಿ, ಕೊನೆಯಲ್ಲಿ ಚಂದಾ ವಿವರ ಇರಲಿ.

ಎರಡು ಲಕ್ಷದ ಗಿರಾಕಿ

ಇದಕ್ಕೆ ನನ್ನ ಉತ್ತರ: ಒಪ್ಪಬೇಡಿ. ಕಾರಣ ಹೇಳುತ್ತೇನೆ.

ಅವರು ಪತ್ರಿಕೆಯನ್ನು ಕೊಳ್ಳಲು ಬಂದಿಲ್ಲ, ಬಾಡಿಗೆಗೆ ಕೇಳಿದ್ದಾರೆ. ಮಾಲೀಕತ್ವ ಬದಲಾಯಿಸುವುದಾದರೆ ಅದಕ್ಕೆ ಅಧಿಕೃತ ದಾರಿ ಇದೆ, ದಾಖಲೆಯಲ್ಲಿ ಹೊಸಬರ ಹೆಸರು ಬರುತ್ತದೆ. "ಹೆಸರು ನಿಮ್ಮದೇ ಇರಲಿ" ಎನ್ನುವುದರ ಅರ್ಥ, ಬರೆಯುವವರು ಅವರು, ಕೋರ್ಟಿಗೆ ಹೋಗುವವರು ನೀವು. ಪತ್ರಿಕೆಯಲ್ಲಿ ಬಂದದ್ದಕ್ಕೆ ಮೊದಲು ಸಿಕ್ಕಿಬೀಳುವವರು ಅಚ್ಚಾದ ಹೆಸರಿನ ಸಂಪಾದಕ, ಪ್ರಕಾಶಕ. ಮಾನಹಾನಿ ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ, ಎರಡು ವರ್ಷದವರೆಗೆ ಜೈಲು ಇರುವ ಅಪರಾಧ. ಹಳೆಯ, ಕ್ಲೀನ್ ಟೈಟಲ್, ಅಂದರೆ ಪತ್ರಿಕೆಯ ನೋಂದಾಯಿತ ಹೆಸರು ಹುಡುಕಿಕೊಂಡು ಬರುವವರಲ್ಲಿ ಕೆಲವರಿಗೆ ಬೇಕಾಗಿರುವುದು ಬೈಕಿನ ಮೇಲೆ "ಪ್ರೆಸ್" ಅಂತ ಹಾಕಿಕೊಳ್ಳುವುದು, ಕಚೇರಿಗಳಿಗೆ ಹೋಗಿ ಹೆದರಿಸುವುದು. ಎಲ್ಲರೂ ಹಾಗೆ ಅನ್ನುವುದಿಲ್ಲ. ಆದರೆ ಒಳ್ಳೆಯ ಉದ್ದೇಶ ಇರುವವರಿಗೆ ನಿಮ್ಮ ಟೈಟಲ್ ಬೇಕಾಗಿಯೂ ಇಲ್ಲ. ಹೊಸ ಕಾಯ್ದೆಯಲ್ಲಿ ಅವರೇ ಅರ್ಜಿ ಹಾಕಬಹುದು.

ಆ ಕಾಯ್ದೆಯ ಬಗ್ಗೆ ಒಂದೆರಡು ಮಾತು. 1867ರ ಕಾಯ್ದೆ ಹೋಗಿ, ಪತ್ರಿಕೆ ಮತ್ತು ನಿಯತಕಾಲಿಕಗಳ ನೋಂದಣಿ ಕಾಯ್ದೆ 2023 ಬಂದಿದೆ. 2024ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ನಾವೆಲ್ಲ ಆರ್‌ಎನ್‌ಐ ಅನ್ನುತ್ತಿದ್ದ ಕಚೇರಿಗೆ ಈಗ ಪ್ರೆಸ್ ರಿಜಿಸ್ಟ್ರಾರ್ ಜನರಲ್ ಎಂದು ಹೆಸರು. ಮೊದಲಿನ ಹಾಗೆ ಜಿಲ್ಲಾಧಿಕಾರಿ ಕಚೇರಿಯಲ್ಲಿ ಡಿಕ್ಲರೇಷನ್‌ಗೆ ಓಡಾಡಬೇಕಿಲ್ಲ. ಟೈಟಲ್, ನೋಂದಣಿ ಎರಡೂ ಪ್ರೆಸ್ ಸೇವಾ ಪೋರ್ಟಲ್‌ನಲ್ಲಿ ಒಟ್ಟಿಗೇ ಆಗುತ್ತವೆ. ಹಳೆಯ ಪತ್ರಿಕೆಯವರೂ ಅಲ್ಲಿ ಖಾತೆ ತೆರೆದು ತಮ್ಮ ವಿವರ ಸೇರಿಸಬೇಕು. ನೀವು ಮಾಡಿದ್ದೀರಾ? ನಿಮ್ಮ ಪತ್ರದಲ್ಲಿ ಅದರ ಸುದ್ದಿ ಇಲ್ಲ, ಅದಕ್ಕೇ ಕೇಳಿದೆ. ವಾರ್ಷಿಕ ವಿವರಣೆಯನ್ನು ಬಿಟ್ಟರೆ ಮೊದಲ ಸಲಕ್ಕೇ 20 ಸಾವಿರದವರೆಗೆ ದಂಡ ಹಾಕಬಹುದು. ಮೇಲೆ ಉಳಿಸಿದ್ದರಲ್ಲಿ ಒಂದು ಪಾಲು ಅಲ್ಲೇ ಹೋಗುತ್ತದೆ.

ಸರ್ಕಾರಿ ಜಾಹೀರಾತು: ನಂಬಿಕೊಂಡು ಕೂರಬೇಡಿ. ನೋಂದಣಿ ಇದ್ದ ಮಾತ್ರಕ್ಕೆ ಬರುವುದಿಲ್ಲ. ವಾರ್ತಾ ಇಲಾಖೆಯ ಮಾಧ್ಯಮ ಪಟ್ಟಿಗೆ ಸೇರಬೇಕು, ಅದಕ್ಕೆ ಪ್ರಸಾರದ ದಾಖಲೆ, ನಿಯಮಿತ ಪ್ರಕಟಣೆಯ ದಾಖಲೆ ಬೇಕು. ಬಂದರೂ ಬಿಲ್ ಯಾವಾಗ ಪಾಸಾಗುತ್ತದೆ ಎಂದು ಹೇಳಲಾಗದು. ಪಟ್ಟಿಗಾಗಿ ಪ್ರಸಾರ ಸಂಖ್ಯೆಯನ್ನು ಉಬ್ಬಿಸಿ ತೋರಿಸುವ ಚಾಳಿ ನಮ್ಮಲ್ಲಿದೆ. 500 ಅಚ್ಚು ಹಾಕಿ 5,000 ಎಂದು ಬರೆದುಕೊಟ್ಟವರ ಸಹಿ ಆ ಕಾಗದದ ಮೇಲೆ ಶಾಶ್ವತವಾಗಿ ಇರುತ್ತದೆ. ನಿಮಗೆ ಆ ತಲೆನೋವು ಬೇಡ. ಅದರ ಬದಲು ಗ್ರಂಥಾಲಯಗಳ ಕಡೆ ನೋಡಿ. ರಾಜ್ಯದಲ್ಲಿ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ, ಈಗ ಅವು ಅರಿವು ಕೇಂದ್ರಗಳು, ಗ್ರಾಮೀಣಾಭಿವೃದ್ಧಿ ಇಲಾಖೆಯ ಕೆಳಗೆ. ಅಷ್ಟಕ್ಕೂ ಆಸೆ ಪಡಬೇಡಿ, ನಿಮ್ಮ ತಾಲ್ಲೂಕಿನ ಪಂಚಾಯಿತಿಗಳಷ್ಟನ್ನೇ ಹಿಡಿದರೂ ಇಪ್ಪತ್ತು ಮೂವತ್ತು ಚಂದಾ. ಪಿಡಿಒಗಳಲ್ಲಿ ನಿಮ್ಮ ಶಿಷ್ಯರು ಯಾರೂ ಇಲ್ಲದೇ ಇರುವುದು ಸಾಧ್ಯವೇ ಇಲ್ಲ.

ಹಳೆಯ ಸಂಚಿಕೆಗಳು

ಇದು ನಿಮ್ಮ ಪತ್ರದ ಕೊನೆಯ ಕಡೆ ಇತ್ತು, ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಬೆಲೆಬಾಳುವುದು. 1998ರಿಂದ ಒಂದು ತಾಲ್ಲೂಕಿನ ಬಗ್ಗೆ ತಿಂಗಳು ತಿಂಗಳು ಬರೆದದ್ದು ಬೇರೆಲ್ಲೂ ಸಿಗುವುದಿಲ್ಲ.

ಎರಡು ತೊಡಕುಗಳಿವೆ. ಒಂದು ಹಕ್ಕು. ಹೊರಗಿನವರು ಬರೆದುಕೊಟ್ಟ ಕಥೆ, ಲೇಖನದ ಹಕ್ಕು ಬರೆದವರದ್ದೇ, ಲಿಖಿತವಾಗಿ ವಹಿಸಿಕೊಟ್ಟ ಹೊರತು. ಹಕ್ಕು ವಹಿಸಿಕೊಟ್ಟ ಪತ್ರದಲ್ಲಿ ಅವಧಿ ಹೇಳದಿದ್ದರೆ ಕಾಯ್ದೆ ಅದನ್ನು ಐದು ವರ್ಷ ಎಂದೇ ಓದುತ್ತದೆ. ನೀವು ಯಾರಿಂದಲೂ ಬರೆಸಿಕೊಂಡಿರುವುದಿಲ್ಲ, ಯಾರೂ ಬರೆಸಿಕೊಳ್ಳುವುದಿಲ್ಲ. ಹಾಗಾಗಿ ಬರೆದವರಿಗೆ ಒಂದು ಸಂದೇಶ ಕಳಿಸಿ, "ಒಪ್ಪಿಗೆ" ಎಂಬ ಉತ್ತರ ಇಟ್ಟುಕೊಳ್ಳಿ. ತೀರಿಕೊಂಡಿದ್ದರೆ ಮನೆಯವರನ್ನು ಕೇಳಿ. ಹೆಚ್ಚಿನವರು ಸಂತೋಷದಿಂದ ಒಪ್ಪುತ್ತಾರೆ. ಇನ್ನು ಮುಂದೆ ಬರುವ ಲೇಖನಗಳಿಗೆ ಒಪ್ಪಿಗೆಯ ಎರಡು ಸಾಲನ್ನು ಮೊದಲೇ ಬರೆಸಿಕೊಳ್ಳಿ.

ಇನ್ನೊಂದು ಅಕ್ಷರದ ತೊಡಕು. ನಿಮ್ಮ ಡಿಟಿಪಿಯವರು ಪೇಜ್‌ಮೇಕರಿನಲ್ಲಿ, ನುಡಿ ಫಾಂಟಿನಲ್ಲೋ ಶ್ರೀಲಿಪಿ ಫಾಂಟಿನಲ್ಲೋ ಪುಟ ಕಟ್ಟಿರುತ್ತಾರೆ. ಆ ಫಾಂಟುಗಳು ಎಲ್ಲ ಕಂಪ್ಯೂಟರು, ಫೋನುಗಳಿಗೂ ಅರ್ಥವಾಗುವ ಯೂನಿಕೋಡ್ ಅಲ್ಲ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ್ದು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಇಂಗ್ಲಿಷ್ ಕಸ. ಪರಿವರ್ತಕಗಳಿವೆ, ಆದರೆ ಅರ್ಕಾವತ್ತು ಬಂದ ಕಡೆ ಎಡವುತ್ತವೆ. "ಕಾರ್ಯ", "ಸೂರ್ಯ" ಇವೆಲ್ಲ ಏನೇನೋ ಆಗಿ ಬರುತ್ತವೆ, ಒಬ್ಬರು ಕೂತು ತಿದ್ದಲೇಬೇಕು. ಹಾಗಾಗಿ ಹಳೆಯ ಕಡತಗಳ ಹಿಂದೆ ಬೀಳಬೇಡಿ, ಅಚ್ಚಾದ ಸಂಚಿಕೆಗಳನ್ನೇ 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ. ಇಂಟರ್ನೆಟ್ ಆರ್ಕೈವ್‌ನಲ್ಲಿ ಕನ್ನಡದ ಹಳೆಯ ಪುಸ್ತಕ, ಪತ್ರಿಕೆಗಳು ಸಾಕಷ್ಟು ಸೇರಿವೆ, ಅಲ್ಲಿ ಇಡಲು ಖರ್ಚಿಲ್ಲ. ಸ್ಕ್ಯಾನ್ ಆದ ಮೇಲೂ ಮೂಲ ಸಂಚಿಕೆಗಳ ಎರಡು ಪೂರ್ತಿ ಸೆಟ್ ಬೈಂಡ್ ಮಾಡಿಸಿ, ಒಂದನ್ನು ಯಾವುದಾದರೂ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಕೊಡಿ. ಹೊಸ ಸಂಚಿಕೆಗಳನ್ನು ಇಂದಿನಿಂದಲೇ ಯೂನಿಕೋಡಿನಲ್ಲಿ ಕಟ್ಟಿಸಿ. ಇನ್‌ಡಿಸೈನ್‌ನಲ್ಲಿ ಆಗುತ್ತದೆ, ವರ್ಲ್ಡ್ ರೆಡಿ ಕಂಪೋಸರ್ ಆನ್ ಮಾಡಬೇಕು ಅಷ್ಟೇ. ಡಿಟಿಪಿಯವರು ಮೊದಲು ಗೊಣಗುತ್ತಾರೆ. ಎರಡು ಸಂಚಿಕೆ ಆದ ಮೇಲೆ ಸರಿಹೋಗುತ್ತಾರೆ.

ನಾನು ನಿಮ್ಮ ಜಾಗದಲ್ಲಿದ್ದರೆ ಒಂದು ವರ್ಷ ಕೊಡುತ್ತಿದ್ದೆ. ಆಜೀವದವರಿಂದ ಉತ್ತರ ಬಂದು, ದರ ಏರಿಸಿದ ಮೇಲೂ ದುಡ್ಡು ಕೊಡುವವರು 120ಕ್ಕಿಂತ ಕೆಳಗಿಳಿದರೆ, ಒಂದು ಚೆಂದದ ಕೊನೆಯ ವಿಶೇಷಾಂಕ ತಂದು, ಬಾಕಿ ಚಂದಾ ವಾಪಸ್ ಕೊಟ್ಟು, ಪೋರ್ಟಲ್‌ನಲ್ಲಿ ಪ್ರಕಟಣೆ ನಿಲ್ಲಿಸಿದ್ದೇನೆ ಎಂದು ತಿಳಿಸಿ ಮುಗಿಸುತ್ತಿದ್ದೆ. ಅದರಲ್ಲಿ ಅವಮಾನ ಏನಿಲ್ಲ. ಸದ್ಯಕ್ಕೆ ಚೀಟಿ ಮುಂದಿನ ಸಂಚಿಕೆಯ ಜೊತೆಗೇ ಹೋಗಲಿ. ಉತ್ತರಗಳನ್ನು ಎಣಿಸಿದ ಮೇಲೆ ಪ್ರೆಸ್ಸಿನವರ ಹತ್ತಿರ 500 ಪ್ರತಿಯ ದರ ಕೇಳಿ, ಅದಕ್ಕಿಂತ ಮೊದಲು ಬೇಡ.